ಕೆರೆ ಏನು ಕುಡಿದಿದೆ? ಗಿಡವನ್ನೇ ಕೇಳೋಣ

2022ರ ಆಗಸ್ಟ್ ಕೊನೆಯಲ್ಲಿ ಓಕ್‌ಲ್ಯಾಂಡ್‌ನ ಲೇಕ್ ಮೆರಿಟ್‌ನಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಹೆಸರಿಗೆ ಲೇಕ್, ಒಳಗಿರೋದು ಕೊಲ್ಲಿಯ ಉಪ್ಪುನೀರು. ಆ ಕೊಲ್ಲಿಯ ತುಂಬ ಹೆಟೆರೋಸಿಗ್ಮಾ ಅಕಾಶಿವೊ ಅನ್ನೋ ಪಾಚಿ ಹಬ್ಬಿತ್ತು. ಅದಕ್ಕೆ ಊಟ ಹಾಕಿದ್ದು ನಮ್ಮ ಮನೆಗಳೇ: ಸಂಸ್ಕರಿಸಿ ಬಿಟ್ಟ ಚರಂಡಿ ನೀರಲ್ಲೂ ಸಾರಜನಕ ಉಳಿದಿರುತ್ತೆ. 2024ರಲ್ಲಿ ಪ್ರಾದೇಶಿಕ ಜಲಮಂಡಳಿ, ಹತ್ತು ವರ್ಷದೊಳಗೆ ಅದನ್ನು ಶೇ. 40ರಷ್ಟು ಇಳಿಸಿ ಎಂದು ಆದೇಶಿಸಿತು.

ಮೀನು ಸಾಯೋ ಮುಂಚೆಯೇ ಸುಳಿವು ಸಿಗುತ್ತಾ? ಬಾಟಲಿಗೆ ಹಿಡಿದ ನೀರು ಆ ಗಳಿಗೆಯ ಸುದ್ದಿ ಮಾತ್ರ ಹೇಳುತ್ತೆ. ರಾತ್ರಿ ಬಿಟ್ಟ ಕೊಳಚೆ ಬೆಳಗಾಗೋದರಲ್ಲಿ ಕೊಚ್ಚಿಹೋಗಿರಬಹುದು. ಮೆರಿಟ್‌ನಲ್ಲೇ ಬೆಳೆಯುವ ವಿಜನ್‌ಗ್ರಾಸ್‌ನಂಥ ನೀರುಗಿಡ ಹಾಗಲ್ಲ, ವಾರಗಟ್ಟಲೆ ಉಂಡದ್ದನ್ನು ಮೈಯಲ್ಲೇ ಇಟ್ಟುಕೊಂಡಿರುತ್ತೆ. ಎಲೆ ಒಣಗಿಸಿ, ಪುಡಿ ಮಾಡಿ, ಸಾರಜನಕ, ರಂಜಕ ಅಳೆಯಬಹುದು. ನಮಗೆ ಹೆಚ್ಚು ಸ್ವಾರಸ್ಯ ಅನಿಸಿದ್ದು ಸಾರಜನಕ-15. ಚರಂಡಿ ನೀರಿನ ಸೂಕ್ಷ್ಮಾಣುಗಳು ಹಗುರವಾದ ಸಾರಜನಕ-14ನ್ನು ಮೊದಲು ಅನಿಲ ಮಾಡಿ ಗಾಳಿಗೆ ಬಿಡುತ್ತವೆ, ಭಾರದ್ದು ನೀರಲ್ಲಿ ಉಳಿಯುತ್ತೆ. ಗಾಳಿಯಿಂದಲೇ ತಯಾರಾಗುವ ರಾಸಾಯನಿಕ ಗೊಬ್ಬರದಲ್ಲಿ ಭಾರದ್ದು ಕಡಿಮೆ. ಹಾಗಾಗಿ ಕೊಳಕು ಬಂದದ್ದು ಬಚ್ಚಲಿಂದಲೋ ಹೊಲದಿಂದಲೋ ಅಂತ ಎಲೆ ನೋಡಿ ಅಂದಾಜು ಮಾಡಬಹುದು. ಹೋಲಿಸುವಾಗ ಮಾತ್ರ ಒಂದೇ ಜಾತಿಯ, ಒಂದೇ ಪ್ರಾಯದ ಗಿಡಗಳಿರಬೇಕು.

ಬೆಂಗಳೂರಿನ ಬೆಳ್ಳಂದೂರು ಕೆರೆ ನಿಮಗೆ ಗೊತ್ತೇ ಇದೆ. ನೊರೆ, ಬೆಂಕಿ ಎಲ್ಲ ಕಂಡದ್ದು. ಅಲ್ಲಿ ಹಬ್ಬುವ ನೀಲಿ ಹೂವಿನ ವಾಟರ್ ಹಯಸಿಂತ್ ಸೀಸ, ಕ್ಯಾಡ್ಮಿಯಂಗಳನ್ನೂ ಹೀರಬಲ್ಲದು, ಬಹುಪಾಲು ಬೇರಲ್ಲಿ ಇಟ್ಟುಕೊಳ್ಳುತ್ತೆ. ಕಿತ್ತ ಕಳೆಯನ್ನು ದಡದಲ್ಲೇ ಗುಡ್ಡೆ ಹಾಕಿದರೆ ಕೊಳೆತು ಎಲ್ಲ ವಾಪಸ್ ಕೆರೆಗೇ. ಗೊಬ್ಬರಕ್ಕೋ ದನಕ್ಕೋ ಹಾಕುವುದಿದ್ದರೆ, ಮೊದಲು ಬೇರಿನ ಒಂದು ಹಿಡಿ ಪ್ರಯೋಗಾಲಯಕ್ಕೆ ಹೋಗಲಿ.