ಔಷಧ ಪರೀಕ್ಷೆಗೆ ಮುದ್ರಿತ ಯಕೃತ್ತು

"ಡಾಕ್ಟರೇ, ಈ ಔಷಧಿಯಿಂದ ಲಿವರಿಗೆ ಏನೂ ತೊಂದರೆ ಇಲ್ಲವಷ್ಟೇ?" ಚಿಕಿತ್ಸಾಲಯದಲ್ಲಿ ನಾನು ಮೇಲಿಂದ ಮೇಲೆ ಕೇಳುವ ಪ್ರಶ್ನೆಯಿದು. ನಾವು ಸೇವಿಸುವ ಬಹುಪಾಲು ಔಷಧಗಳನ್ನು ಮಾರ್ಪಡಿಸಿ ಹೊರಹಾಕುವ ಭಾರ ಯಕೃತ್ತಿನದು. ಆದ್ದರಿಂದ ಔಷಧದ ದೋಷವೂ ಅನೇಕ ವೇಳೆ ಅಲ್ಲಿಯೇ ಪ್ರಕಟವಾಗುತ್ತದೆ. ಪರೀಕ್ಷಿತ ಔಷಧವೆಂದು ಧೈರ್ಯ ಹೇಳುವ ಮೊದಲು, ಆ ಪರೀಕ್ಷೆ ಯಾರ ಯಕೃತ್ತಿನ ಮೇಲೆ ನಡೆಯಿತೆಂಬುದನ್ನೂ ವಿಚಾರಿಸಬೇಕು.

ಹೊಸ ಔಷಧವನ್ನು ಮನುಷ್ಯರಿಗೆ ಕೊಡುವ ಮುನ್ನ ಇಲಿ, ಮೊಲ, ನಾಯಿ, ಕೋತಿಗಳ ಮೇಲೆ ಪ್ರಯೋಗಿಸುವುದು ರೂಢಿ. ಇಷ್ಟು ಮೂಕಪ್ರಾಣಿಗಳು ಪ್ರಾಣ ತೆತ್ತರೂ ನಮಗೆ ಪೂರ್ಣ ಅಭಯ ದೊರೆತಿಲ್ಲ. ಟ್ರೊವಾಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಇದಕ್ಕೆ ನಿದರ್ಶನ. ಎಲ್ಲ ಪರೀಕ್ಷೆಗಳನ್ನೂ ದಾಟಿ ಅದು 1998ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತು. ಮರುವರ್ಷದೊಳಗೆ 14 ರೋಗಿಗಳಲ್ಲಿ ತೀವ್ರ ಯಕೃತ್ ವೈಫಲ್ಯ ವರದಿಯಾಯಿತು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಪ್ರಾಣಿ ಪರೀಕ್ಷೆಗಳು ತಪ್ಪಿಸಲಾರದ ಅಪಾಯ ರೋಗಿಗಳ ಯಕೃತ್ತಿನಲ್ಲಿ ಪ್ರಕಟವಾಯಿತು.

ಈ ಕೊರತೆಯನ್ನು ನೀಗಲು ವಿಜ್ಞಾನವು ಈಗ ಎರಡು ವಿದ್ಯೆಗಳನ್ನು ಕೂಡಿಸುತ್ತಿದೆ. ಮೊದಲನೆಯದು ಸ್ಟೆಮ್ ಸೆಲ್, ಅಂದರೆ ಆಕರ ಕೋಶ. ಜಪಾನಿನ ಶಿನ್ಯಾ ಯಮನಾಕ ಅವರು 2006ರಲ್ಲಿ ಇಲಿಯ ಚರ್ಮದ ಕೋಶಗಳನ್ನು, ಮರುವರ್ಷ ಮಾನವ ಚರ್ಮದ ಕೋಶಗಳನ್ನು ಆಕರ ಕೋಶಗಳ ಸ್ಥಿತಿಗೆ ಹಿಂದಿರುಗಿಸಿದರು. ಅವುಗಳಿಂದ ಯಕೃತ್ತು, ಹೃದಯ ಮುಂತಾದ ಅಂಗಗಳ ಕೋಶಗಳನ್ನು ಬೆಳೆಸಬಹುದು. ಈ ಸಾಧನೆಗೆ 2012ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಎರಡನೆಯದು ಜೈವಿಕ ಮುದ್ರಣ. ಜೀವಂತ ಕೋಶಗಳನ್ನು ಲೋಳೆಯಂಥ ದ್ರವ್ಯದಲ್ಲಿ ಬೆರೆಸಿ, ಯಂತ್ರದಿಂದ ಪದರದ ಮೇಲೆ ಪದರವಾಗಿ ಅಚ್ಚಿಳಿಸಿ ಅಂಗಾಂಶವನ್ನು ನಿರ್ಮಿಸುವ ಕ್ರಮವಿದು. ಅಮೆರಿಕದಲ್ಲಿ ಹೀಗೆ ಮಾನವ ಕೋಶಗಳಿಂದ ಮುದ್ರಿಸಿದ ಯಕೃತ್ ಅಂಗಾಂಶಕ್ಕೆ ಅದೇ ಟ್ರೊವಾಫ್ಲಾಕ್ಸಾಸಿನ್ ಸೋಕಿಸಿದಾಗ ಅದರ ವಿಷಗುಣ ಬಯಲಾಯಿತೆಂದು 2016ರಲ್ಲಿ ವರದಿಯಾಯಿತು. ನಮ್ಮ ಬೆಂಗಳೂರಿನ ಪಂಡೋರಮ್ ಸಂಸ್ಥೆಯೂ 2015ರಲ್ಲಿಯೇ ಮುದ್ರಿತ ಯಕೃತ್ ಅಂಗಾಂಶವನ್ನು ಸಿದ್ಧಪಡಿಸಿತ್ತು.

ಕಾನೂನೂ ಬದಲಾಗಿದೆ. ಔಷಧಕ್ಕೆ ಪ್ರಾಣಿ ಪರೀಕ್ಷೆಯೇ ಆಗಬೇಕೆಂಬ ಕಡ್ಡಾಯವನ್ನು ಅಮೆರಿಕ 2022ರ ಡಿಸೆಂಬರಿನಲ್ಲಿ ಸಡಿಲಿಸಿತು. ಭಾರತವೂ 2023ರ ಮಾರ್ಚಿನಲ್ಲಿ ನಿಯಮ ತಿದ್ದಿ, ಮಾನವ ಕೋಶಾಧಾರಿತ ಪರೀಕ್ಷೆಗಳಿಗೆ ಮನ್ನಣೆ ನೀಡಿತು. ಆದರೂ ಮಿತಿಗಳಿವೆ. ಮುದ್ರಿತ ಅಂಗಾಂಶ ಬಹಳ ಚಿಕ್ಕದು. ರಕ್ತನಾಳಗಳ ಜಾಲವಿಲ್ಲದೆ ದಪ್ಪನಾದ ಅಂಗಾಂಶದ ಒಳಗಿನ ಕೋಶಗಳು ಬದುಕಲಾರವು. ಕರುಳು, ಮೂತ್ರಪಿಂಡ, ರಕ್ತಗಳೊಡನೆ ಕೂಡಿ ನಡೆಯುವ ದೇಹವ್ಯಾಪಾರವನ್ನೆಲ್ಲ ಅದೊಂದೇ ತೋರಿಸಲಾರದು.

ಇನ್ನು ನಮ್ಮ ಮನೆಯ ಮಾತು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ಸೇವಿಸಿದ್ದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪದೆ, ಸೇವಿಸಿದ್ದು ಅಮೃತಬಳ್ಳಿಯೇ ಎಂಬುದಕ್ಕೆ ಖಚಿತತೆಯಿಲ್ಲವೆಂದಿತು. ದಶಕಗಳಿಂದ ಅಮೃತಬಳ್ಳಿಯನ್ನು ಬರೆದುಕೊಡುತ್ತ ಬಂದ ನನಗೆ ಆ ವಾದದಲ್ಲಿ ಪಕ್ಷ ವಹಿಸುವುದಕ್ಕಿಂತ ಪರೀಕ್ಷೆಯೇ ಲೇಸೆನಿಸುತ್ತದೆ. ಅಮೃತಬಳ್ಳಿಯ ಸಾರವನ್ನೂ ಅದನ್ನೇ ಹೋಲುವ ಬೇರೆ ಬಳ್ಳಿಯ ಸಾರವನ್ನೂ ಮಾನವ ಯಕೃತ್ ಅಂಗಾಂಶದ ಮೇಲೆ ಪರೀಕ್ಷಿಸಿದರೆ ವಿವಾದಕ್ಕೆ ಸ್ವಲ್ಪವಾದರೂ ಬೆಳಕು ಬೀಳುತ್ತದೆ. ಒಬ್ಬೊಬ್ಬರ ಪ್ರಕೃತಿಯೂ ಬೇರೆ ಎನ್ನುವ ಆಯುರ್ವೇದಕ್ಕೆ, ಆಯಾ ವ್ಯಕ್ತಿಯ ಕೋಶಗಳ ಮೇಲೆಯೇ ಔಷಧವನ್ನು ನೋಡುವ ಈ ಮಾರ್ಗ ಪರಕೀಯವೇನಲ್ಲ. ಗಿಡಮೂಲಿಕೆಯಾದ್ದರಿಂದ ಅಪಾಯವಿಲ್ಲವೆಂಬುದು ನಂಬಿಕೆಯೇ ಹೊರತು ಪರೀಕ್ಷೆಯಲ್ಲ.

ಅಲ್ಲಿಯವರೆಗೆ ನಮ್ಮ ಎಚ್ಚರ ನಮ್ಮ ಕೈಯಲ್ಲಿದೆ. ಯಾವ ಕಷಾಯವನ್ನೂ ಚೂರ್ಣವನ್ನೂ ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ಸೇವಿಸಬಾರದು. ಬೇರೆ ಪದ್ಧತಿಯ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ತಿಳಿಸಬೇಕು. ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಹಸಿವು ಅಡಗುವುದು, ಇಂಥ ಲಕ್ಷಣಗಳು ಕಂಡರೆ ಆ ದಿನವೇ ವೈದ್ಯರನ್ನು ಕಂಡು, ಸೇವಿಸುತ್ತಿರುವ ಔಷಧಗಳನ್ನೆಲ್ಲ ತೋರಿಸಿ, ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.