ಹಳೆಯ ಕಾರುಗಳ ಕುಸಿದ ಕಮಾನುಪಟ್ಟಿ: ಬಾಗಿಸಬೇಕೇ, ಬದಲಿಸಬೇಕೇ?

ಚಾಮರಾಜಪೇಟೆಯ ಹಳೆಯ ಮನೆಗಳ ಪೋರ್ಟಿಕೊಗಳಲ್ಲಿ, ಬಸವನಗುಡಿಯ ಮರಗಳ ನೆರಳಿನಲ್ಲಿ, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಅಂಬಾಸಿಡರ್, ಫಿಯೆಟ್ ಅಥವಾ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾಣಸಿಗುತ್ತದೆ. ಬಣ್ಣ ಹೊಸತು, ಕ್ರೋಮಿಯಂ ಲೇಪ ಹೊಳೆಯುತ್ತದೆ, ಎಂಜಿನ್ ಸಹ ಸುಸ್ಥಿತಿಯಲ್ಲಿರುತ್ತದೆ. ಆದರೆ ಹಿಂಬದಿ ಮಾತ್ರ ನೆಲದತ್ತ ತಗ್ಗಿರುತ್ತದೆ. ಮಾಲೀಕರು ಕಲಾಸಿಪಾಳ್ಯದ ಕಡೆಗೋ ಜೆ.ಸಿ. ರಸ್ತೆಗೋ ಬಂದು ಕೇಳುವ ಮಾತು ಒಂದೇ: “ಸ್ಪ್ರಿಂಗ್ ಕೂತುಬಿಟ್ಟಿದೆ, ಏನು ಮಾಡೋಣ?” ಈ ಪ್ರಶ್ನೆಗೆ ಬಿಡಿಭಾಗಗಳ ವರ್ತಕರು ಮತ್ತು ಸ್ಪ್ರಿಂಗ್ ಕಾರ್ಯಾಗಾರದವರು ನೀಡುವ ಉತ್ತರದ ಮೇಲೆ ಒಂದು ಸಣ್ಣ, ಆದರೆ ನಂಬಿಕೆಯನ್ನೇ ಬಂಡವಾಳವಾಗಿ ಉಳ್ಳ ವ್ಯಾಪಾರ ನಿಂತಿದೆ.

1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯಾಗಲಿ, 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರಗಳಾಗಲಿ ಕಮಾನುಪಟ್ಟಿಗೆ ಹೊಸಬರಲ್ಲ. ಕಾರುಗಳು ಬರುವ ಮುನ್ನ ಜಟಕಾ ಗಾಡಿಗಳ ಅಡಿಯಲ್ಲಿಯೂ ಇದೇ ತತ್ತ್ವದ ಉಕ್ಕಿನ ಪಟ್ಟಿಗಳಿದ್ದವು. ಆನಂತರ ಲಾರಿಗಳು ಈ ಕಸುಬನ್ನು ಸಾಕಿದವು. ಈಗ ಲಾರಿಗಳಲ್ಲಿಯೂ ಲಘು ಸರಕು ವಾಹನಗಳಲ್ಲಿಯೂ ನಡುವೆ ದಪ್ಪವಾಗಿ ತುದಿಗೆ ತೆಳುವಾಗುವ ಪ್ಯಾರಾಬೋಲಿಕ್ ಪಟ್ಟಿಗಳು ಹೆಚ್ಚುತ್ತಿವೆ. ಇವುಗಳನ್ನು ಉರುಳೆಗಿರಣಿಯಲ್ಲಿಯೇ ತಯಾರಿಸಬೇಕು. ಕುಲುಮೆಯಲ್ಲಿ ಒಂದೊಂದೇ ಪಟ್ಟಿಯನ್ನು ತಿದ್ದಿ ಜೋಡಿಸುವವರಿಗೆ ಅಲ್ಲಿ ಕೆಲಸ ಕಡಿಮೆ. ಹೀಗಿರುವಾಗ ಹಳೆಯ ಕಾರಿನ ಪಟ್ಟಿ ಆ ಕೈಕಸುಬಿಗೆ ಉಳಿದಿರುವ ಕೆಲವೇ ಆಸರೆಗಳಲ್ಲಿ ಒಂದು.

ಪೂರೈಕೆಯ ಕಡೆ ನೋಡಿದರೆ ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಿನಲ್ಲಿ ನಿಂತಿತು. ಪದ್ಮಿನಿ ಅದಕ್ಕೂ ಒಂದು ದಶಕಕ್ಕೂ ಹೆಚ್ಚು ಮೊದಲೇ ನಿಂತಿತ್ತು. ಮದರಾಸಿನಲ್ಲಿ ತಯಾರಾಗುತ್ತಿದ್ದ ಹೆರಾಲ್ಡ್ 1970ರ ದಶಕದಲ್ಲಿಯೇ ಮರೆಯಾಯಿತು. ಅಂಗಡಿಗಳ ಕಪಾಟಿನಲ್ಲಿ ಉಳಿದಿರುವುದು ಹಳೆಯ ದಾಸ್ತಾನು.

ಕುಸಿತ ಸ್ಪ್ರಿಂಗಿನದೇ ಹೌದೇ?

ಗ್ರಾಹಕ ಹೇಳಿದನೆಂದು ಸ್ಪ್ರಿಂಗ್ ಬಿಚ್ಚುವುದು ಮೊದಲ ತಪ್ಪು. ಸಮತಲ ನೆಲದ ಮೇಲೆ ನಾಲ್ಕೂ ಟೈರುಗಳ ಗಾಳಿ ಸರಿಮಾಡಿ ವಾಹನವನ್ನು ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ನಾಲ್ಕೂ ಕಡೆಯ ಅಂಕಿ ಬರೆದುಕೊಳ್ಳಬೇಕು. ಅಂಬಾಸಿಡರಿನ ಮುಂಬದಿಯಲ್ಲಿರುವುದು ಟಾರ್ಷನ್ ಬಾರ್. ಅದು ಒಂದು ಪಕ್ಕದಲ್ಲಿ ದಣಿದರೆ ಕಾರು ಮೂಲೆಯಿಂದ ಮೂಲೆಗೆ ವಾಲಿ, ಹಿಂದಿನ ಸ್ಪ್ರಿಂಗಿನ ಮೇಲೆ ಸುಳ್ಳು ಆರೋಪ ಬರುತ್ತದೆ. ಸವೆದ ಬುಷ್, ಹಿಮ್ಮುಖವಾಗಿ ಮಲಗಿದ ಷ್ಯಾಕಲ್, ತುಂಡಾದ ಸೆಂಟರ್ ಬೋಲ್ಟ್ ಇವೂ ಇದೇ ಲಕ್ಷಣ ತೋರುತ್ತವೆ.

ಇನ್ನೊಂದು ಅಪಾಯ ಕಣ್ಣಿಗೆ ಬೀಳದು. ಅಂಬಾಸಿಡರ್ ಮತ್ತು ಫಿಯೆಟ್ 1100 ಕಾರುಗಳಿಗೆ ಪ್ರತ್ಯೇಕ ಚಾಸಿ ಇಲ್ಲ. ಸ್ಪ್ರಿಂಗಿನ ಹ್ಯಾಂಗರುಗಳು ದೇಹದ ತಗಡಿನ ತೊಲೆಗಳಿಗೇ ಅಂಟಿಕೊಂಡಿವೆ. ಹಲವು ಮಳೆಗಾಲಗಳ ಕೆಸರು ಅಲ್ಲಿ ಕೂತು ತಗಡು ತುಕ್ಕು ತಿಂದಿದ್ದರೆ ಹೊಸ ಸ್ಪ್ರಿಂಗ್ ಹಾಕಿಯೂ ಪ್ರಯೋಜನವಿಲ್ಲ. ಮೊದಲು ವೆಲ್ಡಿಂಗ್ ಕೆಲಸ, ಆಮೇಲೆ ಸ್ಪ್ರಿಂಗ್. ಹೆರಾಲ್ಡಿನ ಕಥೆ ಬೇರೆ: ಅದಕ್ಕೆ ಚಾಸಿ ಇದೆ, ಹಿಂದೆ ಡಿಫರೆನ್ಷಿಯಲ್ ಮೇಲೆ ಅಡ್ಡಲಾಗಿ ಒಂದೇ ಪಟ್ಟಿಕಟ್ಟು ಇದೆ. ಅದು ಕುಸಿದರೆ ಹಿಂದಿನ ಚಕ್ರಗಳ ತಲೆ ಒಳಕ್ಕೆ, ಬುಡ ಹೊರಕ್ಕೆ ವಾಲಿ ಟೈರಿನ ಒಳಅಂಚು ಬೇಗ ಸವೆಯುತ್ತದೆ.

ಕುಸಿತ ಕೇವಲ ಅಂದದ ಪ್ರಶ್ನೆಯಲ್ಲ. ಈ ಕಾರುಗಳಲ್ಲಿ ಕಮಾನುಪಟ್ಟಿ ಭಾರ ಹೊರುವುದಷ್ಟೇ ಅಲ್ಲದೆ ಹಿಂದಿನ ಆಕ್ಸಲ್ಲನ್ನು ಅದರ ಸ್ಥಾನದಲ್ಲಿ ಹಿಡಿದಿಡುವುದೂ ಅದೇ. ಮುಖ್ಯಪಟ್ಟಿ ಓಟದಲ್ಲಿ ತುಂಡಾದರೆ ಆಕ್ಸಲ್ ಓರೆಯಾಗಿ ವಾಹನ ಹತೋಟಿ ತಪ್ಪುತ್ತದೆ. ಆದ್ದರಿಂದ ಕಿವಿಯ ಸುತ್ತ ಅಥವಾ ಸೆಂಟರ್ ಬೋಲ್ಟ್ ರಂಧ್ರದ ಬಳಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಪಟ್ಟಿಯನ್ನು ಉಳಿಸುವ ಮಾತೇ ಇಲ್ಲ.

ಬಾಗಿಸುವ ಕೆಲಸದ ಒಳಗುಟ್ಟು

ಬಿರುಕಿಲ್ಲದ, ತುಕ್ಕಿನ ಗುಳಿ ಬೀಳದ, ಬಾಗು ಮಾತ್ರ ಕಳೆದುಕೊಂಡ ಪಟ್ಟಿಗಳನ್ನು ಮತ್ತೆ ಬಾಗಿಸಬಹುದು. ದಪ್ಪವನ್ನು ಮಾತ್ರ ವರ್ನಿಯರ್‌ನಿಂದ ಅಳೆಯಲೇಬೇಕು. ಪಟ್ಟಿಯ ಬಿಗುವು ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. 6 ಮಿ.ಮೀ. ಇದ್ದ ಪಟ್ಟಿ ತುಕ್ಕು ಹಾಗೂ ಸವೆತದಿಂದ 5.4 ಮಿ.ಮೀ.ಗೆ ಇಳಿದಿದ್ದರೆ, ನಷ್ಟವಾದ ದಪ್ಪ ಶೇ. 10, ನಷ್ಟವಾದ ಬಿಗುವು ಶೇ. 27. ಅದೇ ಭಾರಕ್ಕೆ ಆ ಪಟ್ಟಿ ಅನುಭವಿಸುವ ಒತ್ತಡ ಶೇ. 23ರಷ್ಟು ಏರುತ್ತದೆ. ಇಂತಹ ಪಟ್ಟಿಯನ್ನು ಎಷ್ಟೇ ಚೆಂದವಾಗಿ ಬಾಗಿಸಿದರೂ ಅದು ಮತ್ತೆ ಕೂರುತ್ತದೆ.

ಅನೇಕ ಕಡೆ ನಡೆಯುವುದು ತಣ್ಣನೆಯ ಬಾಗಿಸುವಿಕೆ. ಎರಡು ಆಧಾರಗಳ ಮೇಲೆ ಪಟ್ಟಿಯನ್ನಿಟ್ಟು ಸುತ್ತಿಗೆಯಿಂದಲೋ ಪ್ರೆಸ್ಸಿನಿಂದಲೋ ನಡುವೆ ಹೊಡೆಯುತ್ತಾ ಹೋಗುವುದು. ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ, ಕಾರು ಎದ್ದು ನಿಲ್ಲುತ್ತದೆ, ಗ್ರಾಹಕ ಸಂತುಷ್ಟ. ಕೆಲವು ತಿಂಗಳಲ್ಲಿ ಅದೇ ಕಾರು ಅದೇ ದೂರಿನೊಂದಿಗೆ ಮರಳುತ್ತದೆ. ಕಾರಣ ಕೆಲಸಗಾರನ ಸೋಮಾರಿತನವಲ್ಲ, ಉಕ್ಕಿನ ಸ್ವಭಾವ. ಕಾರಿನ ಭಾರ ಪಟ್ಟಿಯನ್ನು ನೇರವಾಗಿಸಲು ಯತ್ನಿಸುತ್ತದೆ; ಆಗ ಒಳಬಾಗಿನ ಮೇಲ್ಮುಖ ಎಳೆತಕ್ಕೆ ಸಿಲುಕುತ್ತದೆ. ತಣ್ಣಗೆ ಬಾಗಿಸುವಾಗ ಹಾಕಿದ ಬಲ ಇದಕ್ಕೆ ವಿರುದ್ಧ ದಿಕ್ಕಿನದು. ಆ ಬಲ ತೆಗೆದ ಮೇಲೂ ಅದೇ ಮೇಲ್ಮುಖದಲ್ಲಿ ಎಳೆತದ ಒಂದು ಶೇಷ ಉಳಿದುಬಿಡುತ್ತದೆ. ಅದರ ಮೇಲೆ ಕಾರಿನ ಭಾರದ ಎಳೆತ ಸೇರಿದಾಗ ಪಟ್ಟಿ ಬೇಗ ಸೋಲುತ್ತದೆ, ಬಿರುಕು ಸಹ ಅಲ್ಲಿಯೇ ಹುಟ್ಟುತ್ತದೆ. ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಬಾಗಿಸಿ, ಜೋಡಣೆಯ ನಂತರ ಪ್ರೆಸ್ಸಿನಲ್ಲಿ ಓಟದ ಭಾರಕ್ಕಿಂತ ಹೆಚ್ಚಿನ ಭಾರ ಹೇರಿ ಕೆಲವು ಬಾರಿ ಒತ್ತಿ ಬಿಟ್ಟರೆ ಈ ದೋಷ ಬಹುಮಟ್ಟಿಗೆ ನೀಗುತ್ತದೆ. ಈ ಕ್ರಿಯೆಗೆ ಸ್ಕ್ರಾಗಿಂಗ್ ಎಂದು ಹೆಸರು. ಪ್ರೆಸ್ ಇರುವ ಯಾವ ಕಾರ್ಯಾಗಾರಕ್ಕೂ ಇದು ದುಬಾರಿಯಲ್ಲ. ಮಾಡುವವರು ಮಾತ್ರ ವಿರಳ.

ಇನ್ನೊಂದು ರೂಢಿ ಇದಕ್ಕಿಂತ ಕೆಟ್ಟದು. ಗ್ಯಾಸ್ ಟಾರ್ಚಿನಿಂದ ಪಟ್ಟಿಯ ನಡುಭಾಗವನ್ನಷ್ಟೇ ಕೆಂಪಗೆ ಕಾಯಿಸಿ ಬಾಗಿಸಿ ಗಾಳಿಗೆ ಆರಲು ಬಿಡುವುದು. ಅಲ್ಲಿಗೆ ಆ ಜಾಗದ ಹದ ಹೋಯಿತು. ನಡುವೆ ಮೆತ್ತಗೆ, ಅತ್ತಿತ್ತ ಗಡಸು. ನೀರಿನಲ್ಲಿ ಅದ್ದಿದರಂತೂ ಬಿರುಕು ಕಟ್ಟಿಟ್ಟದ್ದು.

ಸರಿಯಾದ ಬಿಸಿ ಕೆಲಸಕ್ಕೆ ಕ್ರಮವಿದೆ. ಸ್ಪ್ರಿಂಗಿಗೆ ಬಳಸುವುದು ಸಾಮಾನ್ಯವಾಗಿ ಸಿಲಿಕಾನ್ ಮತ್ತು ಮ್ಯಾಂಗನೀಸ್ ಬೆರೆತ ಉಕ್ಕು. ಮಾರುಕಟ್ಟೆಯಲ್ಲಿ ಇಎನ್ 45 ಎಂದರೆ ತಿಳಿಯುತ್ತದೆ, ಭಾರತೀಯ ಮಾನಕದಲ್ಲಿ ಇಂತಹ ಉಕ್ಕಿಗೆ ಐಎಸ್ 3431 ಅನ್ವಯಿಸುತ್ತದೆ. ಇಡೀ ಪಟ್ಟಿಯನ್ನು ಒಲೆಯಲ್ಲಿ ಸುಮಾರು 850ರಿಂದ 900 ಡಿಗ್ರಿ ಸೆಲ್ಸಿಯಸ್‌ಗೆ ಸಮನಾಗಿ ಕಾಯಿಸಿ, ಅಚ್ಚಿನ ಮೇಲೆ ಬಾಗಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಸುಮಾರು 450ರಿಂದ 500 ಡಿಗ್ರಿಯಲ್ಲಿ ಹದಗೊಳಿಸಬೇಕು. ಕಾಠಿಣ್ಯ ರಾಕ್‌ವೆಲ್ ಸಿ ಮಾಪನದಲ್ಲಿ 40ರಿಂದ 45ರ ಆಸುಪಾಸು ಬಂದರೆ ಸರಿ. ಬೆಂಕಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಮೇಲ್ಪದರದ ಇಂಗಾಲ ಸುಟ್ಟುಹೋಗಿ ಪಟ್ಟಿಯ ಆಯುಷ್ಯ ಕುಗ್ಗುತ್ತದೆ. ಒಲೆಯ ಬಣ್ಣ ನೋಡಿ ಉಷ್ಣತೆ ಹೇಳಬಲ್ಲ ಹಿರಿಯ ಕಮ್ಮಾರರ ಅನುಭವ ದೊಡ್ಡದೇ ಆದರೂ, ಹದಗೊಳಿಸುವ ಹಂತದಲ್ಲಿ ಕಣ್ಣಿಗೆ ಕಾಣುವ ಕೆಂಪೇ ಇರುವುದಿಲ್ಲ. ಅಲ್ಲಿ ಪೈರೋಮೀಟರ್ ಬೇಕು. ಸ್ವಂತ ಒಲೆ ಇಲ್ಲದವರು ಬಾಗಿಸುವ ಅಚ್ಚು ತಮ್ಮದಿಟ್ಟುಕೊಂಡು ಉಷ್ಣೋಪಚಾರವನ್ನು ಪೀಣ್ಯದ ಘಟಕಗಳಿಗೆ ವಹಿಸುವುದು ಲೇಸು.

ಕೆಳಗಿನ ಪ್ರತಿಯೊಂದು ಪಟ್ಟಿಯೂ ಮೇಲಿನದಕ್ಕಿಂತ ತುಸು ಹೆಚ್ಚು ಬಾಗಿರಬೇಕೆಂಬುದನ್ನು ಮರೆಯುವಂತಿಲ್ಲ. ಬಿಡಿಯಾಗಿ ಇಟ್ಟಾಗ ನಡುವೆ ಕಾಣುವ ಆ ಸಣ್ಣ ಸಂದು ಸೆಂಟರ್ ಬೋಲ್ಟ್ ಬಿಗಿದಾಗ ಮುಚ್ಚಿಕೊಂಡು ಮುಖ್ಯಪಟ್ಟಿಯ ಹೊರೆಯನ್ನು ಹಗುರಗೊಳಿಸುತ್ತದೆ.

ಒಂದು ಪಟ್ಟಿ ಹೆಚ್ಚಿಗೆ ಸೇರಿಸುವ ಉಪಾಯವನ್ನು ಅಂಗಡಿಯವರು ಸಲೀಸಾಗಿ ಸೂಚಿಸುತ್ತಾರೆ. ಸಮ ದಪ್ಪದ 5 ಪಟ್ಟಿಗೆ 6ನೆಯದು ಸೇರಿದರೆ ಬಿಗುವು ಸ್ಥೂಲವಾಗಿ ಶೇ. 20 ಏರುತ್ತದೆ. ಎತ್ತರ ಬರುತ್ತದೆ ನಿಜ, ಅದರೊಂದಿಗೆ ಪ್ರತಿ ಗುಂಡಿಯೂ ಬೆನ್ನಿಗೆ ತಾಗುತ್ತದೆ. ಬಾಡಿಗೆ ಗಾಡಿಗೆ ಇದು ಸಲ್ಲಬಹುದು. ಭಾನುವಾರ ಗಾಂಧಿ ಬಜಾರಿಗೆ ಹೊರಡುವ ಫಿಯೆಟ್ಟಿಗೆ ಸಲ್ಲದು.

ಬದಲಿಸುವುದಾದರೆ

ಹಳೆಯ ದಾಸ್ತಾನಿನ ಜೋಡಿ ಸಿಕ್ಕರೆ ಪಟ್ಟಿಗಳ ಸಂಖ್ಯೆ, ಅಗಲ, ದಪ್ಪ, ಕಿವಿಯ ಒಳವ್ಯಾಸ, ಸೆಂಟರ್ ಬೋಲ್ಟಿನಿಂದ ಎರಡೂ ಕಿವಿಗಳಿಗಿರುವ ದೂರ ಇಷ್ಟನ್ನೂ ತಾಳೆ ನೋಡಬೇಕು. ಒಂದೇ ಪಕ್ಕಕ್ಕೆ ಹೊಸದು ಹಾಕಿ ಇನ್ನೊಂದನ್ನು ಹಾಗೆಯೇ ಬಿಡುವುದು ಹಣ ಉಳಿಸಿದಂತೆ ಕಂಡರೂ ವಾಲಿದ ಕಾರನ್ನು ಇನ್ನೊಂದು ಕಡೆಗೆ ವಾಲಿಸಿದಂತೆ. ಲಾರಿಯ ಹಳೆಯ ಪಟ್ಟಿಯನ್ನು ಸೀಳಿ ಕಾರಿಗೆ ಹೊಂದಿಸುವ ಪದ್ಧತಿಯನ್ನು ಒಪ್ಪುವುದು ಕಷ್ಟ. ಎಷ್ಟು ಲಕ್ಷ ಬಾರಿ ಬಾಗಿ ದಣಿದಿದೆಯೋ ತಿಳಿಯದ ಉಕ್ಕು ಅದು.

ಹೊಸದಾಗಿ ತಯಾರಿಸುವ ಸಣ್ಣ ಉದ್ದಿಮೆದಾರರಿಗೆ ತೊಡಕು ತಂತ್ರದ್ದಲ್ಲ, ಪ್ರಮಾಣದ್ದು. ಒಂದು ಜೋಡಿಗಾಗಿ ಬೇರೆ ಬೇರೆ ದಪ್ಪದ ಉಕ್ಕು ತರಿಸಿ ಅಚ್ಚು ಮಾಡಿದರೆ ಬೆಲೆ ಗ್ರಾಹಕನ ಕೈಗೆಟುಕದು. ಹತ್ತು ಜೋಡಿಯ ಬೇಡಿಕೆ ಒಟ್ಟಿಗೆ ಬಂದರೆ ಲೆಕ್ಕವೇ ಬೇರೆ. ಕರ್ನಾಟಕದಲ್ಲಿ ಹಳೆಯ ಕಾರುಗಳ ಮಾಲೀಕರ ಸಂಘಟನೆ ಇದೆ; ಒಂದೇ ಮಾದರಿಯ ಕಾರು ಉಳ್ಳವರ ಬೇಡಿಕೆಯನ್ನು ಕೂಡಿಸಿ ಮುಂಗಡದೊಂದಿಗೆ ಆದೇಶ ಪಡೆಯುವುದು ಅಸಾಧ್ಯವೇನಲ್ಲ. ಜೋಡಿಯೊಂದಿಗೆ ಭಾರದ ಪರೀಕ್ಷೆಯ ಒಂದು ಚೀಟಿ ಕೊಟ್ಟರೆ ಸಾಕು: 200 ಕಿಲೋ ಭಾರಕ್ಕೆ 10 ಸೆಂ.ಮೀ. ತಗ್ಗಿತು, ಅಂದರೆ ಪ್ರತಿ ಸೆಂ.ಮೀ.ಗೆ 20 ಕಿಲೋ, ಎಡ ಬಲ ಎರಡೂ ಸಮ. ಹೀಗೆ ಬರೆದ ಒಂದು ಸಾಲಿಗೆ ಬಾಯಿಮಾತಿನ ಗ್ಯಾರಂಟಿಗಿಂತ ಬೆಲೆ ಹೆಚ್ಚು.

ಮೂಲ ವಿನ್ಯಾಸವನ್ನು ಉಳಿಸಲು ಕಾನೂನಿನ ಕಾರಣವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ, ಚಾಸಿ, ದೇಹ ಹಾಗೂ ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನ ವಿಂಟೇಜ್ ನೋಂದಣಿಗೆ ಅರ್ಹ. ಹೊಸ ನೋಂದಣಿಗೆ ಶುಲ್ಕ ರೂ. 20,000. ಕಮಾನುಪಟ್ಟಿ ಕಿತ್ತು, ಕೆಳಭಾಗವನ್ನು ಕತ್ತರಿಸಿ ಕಾಯಿಲ್ ಸ್ಪ್ರಿಂಗ್ ಕೂರಿಸಿದ ಕಾರಿನ ಮಾಲೀಕರು ಈ ಅರ್ಹತೆಗೇ ಕುತ್ತು ತಂದುಕೊಳ್ಳಬಹುದು.

ತೆರಿಗೆಯ ಬಗ್ಗೆ ಒಂದು ಮಾತು. ಕಮಾನುಪಟ್ಟಿ ಮೋಟಾರು ಬಿಡಿಭಾಗಗಳ 8708ರಡಿ ಬರುವುದಿಲ್ಲ. ಕಬ್ಬಿಣ ಮತ್ತು ಉಕ್ಕಿನ ಸ್ಪ್ರಿಂಗುಗಳ 7320ರಡಿ ಬರುತ್ತದೆ. 2025ರ ಸೆಪ್ಟೆಂಬರ್ 22ರವರೆಗೆ ಮೊದಲನೆಯದಕ್ಕೆ ಶೇ. 28, ಎರಡನೆಯದಕ್ಕೆ ಶೇ. 18 ಜಿಎಸ್‌ಟಿ ಇದ್ದುದರಿಂದ ತಪ್ಪು ಸಂಖ್ಯೆ ಬರೆದವರು ಗ್ರಾಹಕರಿಂದ ಹೆಚ್ಚು ತೆರಿಗೆ ವಸೂಲು ಮಾಡಿದಂತಾಗುತ್ತಿತ್ತು. ಈಗ ಎರಡಕ್ಕೂ ಶೇ. 18. ಆದರೂ ಬಿಲ್ಲಿನಲ್ಲಿ ಸರಿಯಾದ ಸಂಖ್ಯೆ ಇರಬೇಕು. ಗ್ರಾಹಕನದೇ ಪಟ್ಟಿಯನ್ನು ಬಾಗಿಸಿಕೊಟ್ಟರೆ ಅದು ಸರಕಿನ ಮಾರಾಟವಲ್ಲ, ಸೇವೆ.

ಜೋಡಣೆಯಲ್ಲಿ ಯು-ಬೋಲ್ಟ್‌ಗಳು ಹೊಸವೇ ಆಗಿರಲಿ. ರಬ್ಬರ್ ಬುಷ್ ಇರುವ ಕಡೆ ಕಾರನ್ನು ಜಾಕಿನ ಮೇಲಿಟ್ಟು ನಟ್ಟುಗಳನ್ನು ಕೊನೆಯ ಬಿಗಿತಕ್ಕೆ ತರಬಾರದು. ಚಕ್ರ ನೆಲಕ್ಕೆ ತಾಗಿ ಪೂರ್ತಿ ಭಾರ ಕೂತ ಮೇಲೆಯೇ ಬಿಗಿಯಬೇಕು. ಇಲ್ಲವಾದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ, ಎತ್ತರದ ಅಳತೆಯೂ ಸುಳ್ಳಾಗುತ್ತದೆ. ಸುಮಾರು 500 ಕಿ.ಮೀ. ಓಡಿದ ಬಳಿಕ ಕಾರನ್ನು ಮರಳಿ ಕರೆಸಿ ಯು-ಬೋಲ್ಟ್ ಬಿಗಿದು, ಮೊದಲ ದಿನ ಬರೆದಿಟ್ಟ ನಾಲ್ಕು ಅಂಕಿಗಳ ಪಕ್ಕದಲ್ಲಿ ಹೊಸ ಅಂಕಿಗಳನ್ನು ಬರೆಯಬೇಕು. ಹೊಸ ಪಟ್ಟಿ ಕೆಲವು ಮಿ.ಮೀ. ಇಳಿಯುವುದು ಸಹಜ. ಇದನ್ನು ಗ್ರಾಹಕನಿಗೆ ಹಣ ಪಡೆಯುವ ಮುನ್ನವೇ ಹೇಳಿರಬೇಕು.