ಚಿತ್ರ ಮಾರಿದಾಗ ಏನೇನು ಕೈಬಿಟ್ಟಿತು?

ಚಿತ್ರ, ಶಿಲ್ಪ, ಛಾಯಾಚಿತ್ರ, ಕೆತ್ತನೆ ಇವೆಲ್ಲ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಲೆಕ್ಕದಲ್ಲಿ ಕಲಾಕೃತಿಗಳು. ಚೆನ್ನಾಗಿದೆಯೇ ಎಂದು ಕಾನೂನು ಕೇಳುವುದಿಲ್ಲ, ಸ್ವಂತದ್ದಾಗಿದ್ದರೆ ಸಾಕು. ಕೃತಿ ಮೂಡಿದಾಗಲೇ ಹಕ್ಕೂ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಕಲಾವಿದರ ಜೀವಿತಕಾಲವಿಡೀ, ಆಮೇಲೆ 60 ವರ್ಷ ಅದು ಇರುತ್ತದೆ. ವ್ಯಾಖ್ಯೆ ಇಷ್ಟು ಸಾಕು.

ಜನ ಎಡವುವುದು ಇಲ್ಲಿಂದ ಮುಂದೆ. ಬೆಂಗಳೂರಿನ ಚಿತ್ರಸಂತೆಯಲ್ಲಿ ನೀವೊಂದು ಚಿತ್ರ ಕೊಂಡಿರಿ ಅನ್ನಿ. ಗೋಡೆಗೆ ತೂಗುಹಾಕಬಹುದು, ಬೇರೆಯವರಿಗೆ ಮಾರಲೂಬಹುದು. ಅದನ್ನೇ ಕ್ಯಾಲೆಂಡರಿಗೆ ಅಚ್ಚು ಹಾಕಿಸಬಹುದೇ? ಇಲ್ಲ. ಹಣ್ಣು ಕೊಂಡವರಿಗೆ ತೋಪು ಬರುವುದಿಲ್ಲ. ಪ್ರತಿ ತೆಗೆಯುವ ಹಕ್ಕು ಕಲಾವಿದರಲ್ಲೇ ಉಳಿಯುತ್ತದೆ. ಇದನ್ನು ಹೇಳಿದಾಗಲೆಲ್ಲ ಒಬ್ಬರಾದರೂ ಕೇಳುತ್ತಾರೆ: "ದುಡ್ಡು ಕೊಟ್ಟಿಲ್ವೇನ್ರೀ?" ಕೊಟ್ಟಿದ್ದೀರಿ, ಆದರೆ ಕ್ಯಾನ್ವಾಸಿಗೆ.

ಅಪವಾದವೂ ಇದೆ. ಹಣ ಕೊಟ್ಟು ಹೇಳಿ ಬರೆಸಿದ ಚಿತ್ರಕ್ಕೆ, ತೆಗೆಸಿದ ಫೋಟೋಗೆ, ಬೇರೆ ಕರಾರು ಇಲ್ಲದಿದ್ದರೆ, ಮಾಡಿಸಿದವರೇ ಮೊದಲ ಹಕ್ಕುದಾರರು ಎನ್ನುತ್ತದೆ 17ನೇ ಕಲಂ. ಆ ಪಟ್ಟಿಯಲ್ಲಿ ಶಿಲ್ಪದ ಹೆಸರಿಲ್ಲ! ಹಾಗಾಗಿ ಮದುವೆ ಫೋಟೋ ತೆಗೆಯುವವರಿಗೂ ಪ್ರತಿಮೆ ಮಾಡುವವರಿಗೂ ವಕೀಲರು ಕೊಡುವ ಸಲಹೆ ಒಂದೇ ಆಗಿರುವುದಿಲ್ಲ.

ನನಗೆ ಈ ಕಾಯ್ದೆಯಲ್ಲಿ ಬಲು ಇಷ್ಟವಾದದ್ದು 19ನೇ ಕಲಂ. ಹಕ್ಕು ಕೈಬದಲಾಗಬೇಕಾದರೆ ಸಹಿ ಮಾಡಿದ ಬರಹ ಬೇಕು, ಬಾಯಿಮಾತು ಸಾಲದು. ಬರಹದಲ್ಲಿ ಅವಧಿ ಹೇಳದಿದ್ದರೆ ಅದು 5 ವರ್ಷ ಮಾತ್ರ. ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ. ಪಡೆದ ಹಕ್ಕನ್ನು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಅದು ಅಲ್ಲಿಗೇ ರದ್ದು. ಅಂದರೆ ಕರಾರಿನ ಖಾಲಿ ಜಾಗಗಳನ್ನೆಲ್ಲ ಕಾನೂನು ಕಲಾವಿದರ ಪರವಾಗಿ ತುಂಬುತ್ತದೆ. ಪ್ರಕಾಶಕರ ಕಡೆಯ ವಕೀಲರಿಗೆ ಇದು ಚೆನ್ನಾಗಿ ಗೊತ್ತು. ಅವರ ಕರಾರುಗಳಲ್ಲಿ "ಶಾಶ್ವತವಾಗಿ, ಜಗತ್ತಿನಾದ್ಯಂತ" ಎಂಬ ಮಾತು ತಪ್ಪದೆ ಕಾಣಿಸುವುದು ಅದಕ್ಕೇ. ಕಲಾವಿದರ ಪರ ವಕೀಲರು ಮೊದಲು ಪೆನ್ನಿಡುವುದೂ ಆ ಎರಡು ಮಾತಿನ ಮೇಲೆಯೇ. ದಾವೆ ಹೂಡಿ ಗೆಲ್ಲುವುದಕ್ಕಿಂತ ಸಹಿಗೆ ಮುನ್ನ ಅರ್ಧ ಗಂಟೆ ಕೂತು ಓದಿಸುವುದು ಎಷ್ಟೋ ಅಗ್ಗ.

ಎಲ್ಲವನ್ನೂ ಬರೆದುಕೊಟ್ಟ ಮೇಲೂ ಉಳಿಯುವ ಹಕ್ಕೊಂದಿದೆ: 57ನೇ ಕಲಂ ಕೊಡುವ ನೈತಿಕ ಹಕ್ಕು. ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು, ಹೆಸರಿಗೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕು. ದೆಹಲಿಯ ವಿಜ್ಞಾನ ಭವನಕ್ಕೆ ಶಿಲ್ಪಿ ಅಮರನಾಥ ಸೆಹಗಲ್ ಅವರು ದೊಡ್ಡದೊಂದು ಕಂಚಿನ ಭಿತ್ತಿಶಿಲ್ಪ ಮಾಡಿದ್ದರು. 1979ರಲ್ಲಿ ಸರ್ಕಾರ ಅದನ್ನು ಕೀಳಿಸಿ ಉಗ್ರಾಣಕ್ಕೆ ಹಾಕಿತು. ಭಾಗಗಳು ಮುರಿದವು, ಕೆಲವು ಕಳೆದವು. ಹಣ ಕೊಟ್ಟಿದ್ದೇವೆ, ನಮ್ಮ ವಸ್ತು, ನಮ್ಮಿಷ್ಟ ಎಂಬುದು ಸರ್ಕಾರದ ವಾದ. 1992ರಲ್ಲಿ ಹೂಡಿದ ದಾವೆಗೆ 2005ರಲ್ಲಿ ತೀರ್ಪು ಬಂತು. ಉಳಿದ ಭಾಗಗಳನ್ನು ಶಿಲ್ಪಿಗೆ ಮರಳಿಸಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು ದೆಹಲಿ ಹೈಕೋರ್ಟ್.

ಆದರೆ ಇದೇ ಅಸ್ತ್ರ ಎಲ್ಲೆಡೆ ನಾಟುವುದಿಲ್ಲ. ವಾಸ್ತುಶಿಲ್ಪಿ ರಾಜ್ ರೇವಾಲ್ ಅವರ ಹಾಲ್ ಆಫ್ ನೇಶನ್ಸ್ ಕಟ್ಟಡವನ್ನು 2017ರಲ್ಲಿ ಕೆಡವಿದಾಗ ಅವರೂ ಇದೇ ಕಲಂ ಹಿಡಿದು ಕೋರ್ಟಿಗೆ ಹೋದರು. ಅದೇ ಹೈಕೋರ್ಟ್ 2019ರಲ್ಲಿ ಒಪ್ಪಲಿಲ್ಲ: ಕಟ್ಟಡವನ್ನು ಪೂರ್ತಿ ಕೆಡವುವುದು ಮಾಲೀಕರ ಹಕ್ಕಿನೊಳಗೆ ಬರುತ್ತದೆ ಎಂದಿತು. ಕಿವಿ ಮುರಿದರೆ ತಪ್ಪು, ಇಡೀ ಮೂರ್ತಿಯನ್ನೇ ಪುಡಿ ಮಾಡಿದರೆ ಸರಿಯೇ? ಈ ಪ್ರಶ್ನೆ ನನ್ನನ್ನು ಇನ್ನೂ ಕಾಡುತ್ತದೆ.

ವಕೀಲರ ಶುಲ್ಕಕ್ಕೆ ಹೆದರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ನೆರವು ಉಚಿತ, ಸಹಾಯವಾಣಿ 15100. ಅಲ್ಲಿ ಕಲಾವಿದರ ಕರಾರು ಓದಬಲ್ಲವರು ಹೆಚ್ಚಬೇಕು. ಯಕ್ಷಗಾನ ಮೇಳ, ನಾಟಕ ಕಂಪನಿ, ಧ್ವನಿಸುರುಳಿ ಸಂಸ್ಥೆಗಳು ಕಲಾವಿದರಿಂದ ಬರೆಸಿಕೊಂಡ ಕನ್ನಡ ಕರಾರುಪತ್ರಗಳನ್ನು ಕಲೆಹಾಕಿ ಕೂಲಂಕಷವಾಗಿ ಓದುವ ಕಾನೂನು ವಿದ್ಯಾರ್ಥಿಗಳು ಯಾರಾದರೂ ಇದ್ದೀರಾ? 19ನೇ ಕಲಮಿನಿಂದಲೇ ಶುರುಮಾಡಿ.